ಬಾಬಾಸಾಹೇಬರೂ ಅರ್ಜಿ ಹಾಕಿದ್ದರು



ನಮ್ಮ ಗೂಡಲೂರಿನಲ್ಲಿ ಪ್ಲಸ್ ಟೂ ರಿಸಲ್ಟ್ ಬಂದರೆ ಮಾತು ಕಂಬಂ, ಉತ್ತಮಪಾಳ್ಯಂ, ಹೆಚ್ಚೆಂದರೆ ಮದುರೆ ಕಾಲೇಜಿನವರೆಗೆ ಹೋಗಿ ನಿಲ್ಲುತ್ತದೆ. ಫಾರಿನ್ ಓದು ಅಂದರೆ ದುಡ್ಡಿದ್ದವರ ಮನೆಯ ಸಂಗತಿ ಅಂತ ಬಿಟ್ಟುಬಿಡುತ್ತೇವೆ. ಆದರೆ ಏಪ್ರಿಲ್ 14ಕ್ಕೆ ನಾವು ಮಾಲೆ ಹಾಕುವವರು ಎಂ.ಎ., ಪಿಎಚ್.ಡಿ., ಡಿ.ಎಸ್ಸಿ., ಬ್ಯಾರಿಸ್ಟರ್ ಎಲ್ಲವನ್ನೂ ಹೊರದೇಶದಲ್ಲೇ ಓದಿ ಪಡೆದವರು. ಅವರು ಹೋದದ್ದು ಹೇಗೆ ಅಂತ ನಾವು ಕೇಳಿಕೊಂಡಿದ್ದೇವಾ?

1913ರಲ್ಲಿ ಅಂಬೇಡ್ಕರರಿಗೆ 22 ವಯಸ್ಸು. ಬಿ.ಎ. ಮುಗಿದಿತ್ತು. ಫೆಬ್ರವರಿಯಲ್ಲಿ ತಂದೆ ರಾಮಜಿ ತೀರಿಹೋಗಿದ್ದರು. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೆಲವು ಹುಡುಗರನ್ನು ಅಮೆರಿಕಕ್ಕೆ ಓದಲು ಕಳಿಸುತ್ತಾರೆ ಅಂತ ತಿಳಿದು ಅರ್ಜಿ ಹಾಕಿದರು. ಸಿಕ್ಕಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡಾ ಸಂಸ್ಥಾನದಲ್ಲಿ ದುಡಿಯಬೇಕು ಅಂತ ಕರಾರಿಗೆ ಸಹಿ ಹಾಕಿಸಿಕೊಂಡರು. ಜುಲೈನಲ್ಲಿ ನ್ಯೂಯಾರ್ಕ್ ಸೇರಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಲಂಡನ್‌ಗೆ ಹೋಗಿ ಅಲ್ಲೂ ಓದಲು ಸೇರಿದರು.

ಅಷ್ಟರಲ್ಲಿ ಸ್ಕಾಲರ್‌ಶಿಪ್ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ವಾಪಸ್ ಬರಬೇಕಾಯಿತು. ಕರಾರಿನಂತೆ ಬರೋಡಾ ಕೆಲಸಕ್ಕೆ ಹೋದರೆ ಇರಲು ಒಂದು ಬಾಡಿಗೆ ರೂಮು ಸಿಗಲಿಲ್ಲ. ಕೊಲಂಬಿಯಾದಲ್ಲಿ ಓದಿ ಬಂದರೂ ಜಾತಿ ಬಾಗಿಲಲ್ಲೇ ಕಾದಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ದುಡ್ಡು ಉಳಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು ಸಹಾಯ ಮಾಡಿದರು, ಗೆಳೆಯ ನವಲ್ ಭತೇನಾ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್. 1923ಕ್ಕೆ ಡಿ.ಎಸ್ಸಿ. ಕೈಗೆ ಬಂತು.

ಇದರಿಂದ ಬಾಬಾಸಾಹೇಬರು ಕಲಿತದ್ದೇನು? ರಾಜರ ಮನಸ್ಸು, ಗೆಳೆಯರ ಸಾಲ, ಇವನ್ನು ನಂಬಿ ಒಂದು ಸಮುದಾಯ ಓದಲು ಆಗುವುದಿಲ್ಲ. 1942ರಲ್ಲಿ ವೈಸ್‌ರಾಯ್ ಕೌನ್ಸಿಲ್ ಸೇರಿದ ವರ್ಷವೇ ಸರಕಾರಕ್ಕೆ ಮನವಿ ಕೊಟ್ಟರು. ನಮ್ಮ ಮಕ್ಕಳ ಕಾಲೇಜು ಓದಿಗೂ ಹೊರದೇಶದ ಓದಿಗೂ ಸರಕಾರವೇ ಹಣ ಇಡಬೇಕು ಅಂತ ಅದರಲ್ಲಿ ಕೇಳಿದರು. ನಾವು ಇವತ್ತು ಕಾಲೇಜಿನಲ್ಲಿ ಪಡೆಯುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ 1944ರಲ್ಲಿ ಶುರುವಾಯಿತು. ಹೊರದೇಶಕ್ಕೆ ಕಳಿಸುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ 1954-55ರಲ್ಲಿ ಬಂತು.

ಇನ್ನೊಬ್ಬರ ಕಥೆ ನಮಗೆ ಹತ್ತಿರದ್ದು. ನಮ್ಮ ಕುಮುಳಿ ಘಾಟಿ ದಾಟಿದರೆ ಕೇರಳ. ಅಲ್ಲಿನ ಕೋಟ್ಟಯಂ ಜಿಲ್ಲೆಯ ಉಳವೂರಿನ ದಲಿತ ಮನೆಯ ಹುಡುಗ ಕೆ.ಆರ್. ನಾರಾಯಣನ್. ದಿನವೂ ಮೈಲಿಗಟ್ಟಲೆ ನಡೆದು ಶಾಲೆಗೆ ಹೋದವರು, ಫೀಸು ಕಟ್ಟದೆ ಕ್ಲಾಸಿನ ಹೊರಗೆ ನಿಂತವರು. 1945ರಲ್ಲಿ ಟಾಟಾ ಸ್ಕಾಲರ್‌ಶಿಪ್‌ನಲ್ಲಿ ಲಂಡನ್‌ಗೆ ಹೋಗಿ, ಬಾಬಾಸಾಹೇಬರು ಓದಿದ್ದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೇ ಓದಿದರು. 1997ರಲ್ಲಿ ರಾಷ್ಟ್ರಪತಿ ಆದರು.

ಈಗಿನ ಸಂಗತಿಗೆ ಬನ್ನಿ. ನ್ಯಾಷನಲ್ ಓವರ್‌ಸೀಸ್‌ನಲ್ಲಿ ಇಡೀ ದೇಶಕ್ಕೆ ವರ್ಷಕ್ಕೆ 125 ಸೀಟು, ಅದರಲ್ಲಿ 115 ಎಸ್‌ಸಿಗೆ. ವಯಸ್ಸು 35ರೊಳಗೆ, ಮಾರ್ಕು 60 ಪರ್ಸೆಂಟ್, ಮನೆಯ ವರಮಾನ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು. ಎಂ.ಎ., ಎಂ.ಎಸ್ಸಿ. ತರಹದ ಮಾಸ್ಟರ್ಸ್‌ಗೆ, ಪಿಎಚ್.ಡಿ.ಗೆ ಮಾತ್ರ. 2022ರಲ್ಲಿ ಇನ್ನೊಂದು ನಿಯಮ ಸೇರಿಸಿದರು. ಭಾರತದ ಚರಿತ್ರೆ, ಸಂಸ್ಕೃತಿ, ಸಮಾಜದ ಬಗ್ಗೆ ಓದಲು ಈ ಹಣ ಇಲ್ಲವಂತೆ. ನಾನು ಓದುತ್ತಿರುವುದು ಬಿ.ಎ. ಹಿಸ್ಟರಿ, ಅದಕ್ಕೇ ಇದು ನನಗೆ ಚುಚ್ಚಿತು. ಬಾಬಾಸಾಹೇಬರ 1915ರ ಎಂ.ಎ. ಪ್ರಬಂಧ ಭಾರತದ ಚರಿತ್ರೆಯ ಬಗ್ಗೆ. 1916ರಲ್ಲಿ ಕೊಲಂಬಿಯಾದಲ್ಲೇ ಅವರು ಓದಿದ ಲೇಖನ ಭಾರತದ ಜಾತಿಗಳ ಬಗ್ಗೆ. ಅದೇ ವಿಷಯ ಹಿಡಿದು ಅವರು ಇವತ್ತು ಅರ್ಜಿ ಹಾಕಿದರೆ ಈ ಸ್ಕಾಲರ್‌ಶಿಪ್ ಸಿಗುವುದಿಲ್ಲ! ಈ ನಿಯಮ ತೆಗೆಯಿರಿ ಅಂತ ಕೇಳುವುದೂ ನಮ್ಮ ಸಂಘದ ಕೆಲಸವೇ.

ನಮ್ಮ ರಾಜ್ಯ ಸರಕಾರದ್ದೂ ಅಣ್ಣಲ್ ಅಂಬೇಡ್ಕರ್ ಹೆಸರಿನ ಹೊರದೇಶದ ಓದಿನ ಯೋಜನೆ ಇದೆ, ಆದಿದ್ರಾವಿಡರ್ ನಲ ಇಲಾಖೆಯಲ್ಲಿ ಕೇಳಬೇಕು. ಅದೂ ಡಿಗ್ರಿ ಮುಗಿದ ಮೇಲೆಯೇ. ಹಾಗಾದರೆ ಪ್ಲಸ್ ಟೂ ಮಕ್ಕಳಿಗೆ ದಾರಿ ಇಲ್ಲವಾ? ಇದೆ, ಆದರೆ ಸಣ್ಣದು. ಹೊರದೇಶದ ಕಾಲೇಜುಗಳೇ ಕೊಡುವ ಸ್ಕಾಲರ್‌ಶಿಪ್‌ಗೆ ನೇರವಾಗಿ ಅರ್ಜಿ ಹಾಕಬೇಕು. ತಮಿಳುನಾಡಿನ ಸರಕಾರಿ ಮಾದರಿ ಶಾಲೆಗಳ ಮಕ್ಕಳು ಹೀಗೆ ತೈವಾನ್‌ಗೆ ಹೋಗಿ ಓದಿದ್ದಾರೆ.

ತಮ್ಮ ತಂಗಿಯರೇ, ಇದಕ್ಕೆ ರಿಸಲ್ಟ್ ಬರುವವರೆಗೆ ಕಾಯಬೇಡಿ. ಪ್ಲಸ್ ಒನ್‌ನಲ್ಲೇ ಶುರು ಮಾಡಿ. ಜಾತಿ ಸರ್ಟಿಫಿಕೇಟು, ವರಮಾನ ಸರ್ಟಿಫಿಕೇಟು ತೆಗೆದಿಡಿ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ಎಲ್ಲ ಕಾಗದದಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಒಂದೇ ಥರ ಇದೆಯಾ ನೋಡಿಕೊಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಅಂತ ಬೆಳೆದ ನಮಗೆ ಇಂಗ್ಲಿಷ್ ಮೂರನೆಯದು, ಅದರ ಪರೀಕ್ಷೆಗೆ ಒಂದು ವರ್ಷ ಬೇಕು. ನಿಮ್ಮನ್ನು ಬಲ್ಲ ಟೀಚರ ಹತ್ತಿರ ಶಿಫಾರಸು ಪತ್ರ ಕೇಳಿ, ನಾಚಿಕೆ ಬೇಡ. ಹಿರಿಯರೇ, ಹೆಣ್ಣುಮಗಳು ಕೇಳಿದರೂ ಬೇಡ ಅನ್ನಬೇಡಿ.

ಬಾಬಾಸಾಹೇಬರ ಕಾಲದಲ್ಲಿ ಒಬ್ಬರಿಗೆ ಸಿಕ್ಕಿತ್ತು. ಅವರು ಅದನ್ನು ನಮ್ಮೆಲ್ಲರ ಹಕ್ಕು ಮಾಡಲು ಹೋರಾಡಿದರು. ಮುಂದಿನ ವಾರ್ಷಿಕೋತ್ಸವದೊಳಗೆ ನಮ್ಮ ಬೀದಿಯಿಂದ ಒಂದು ಅರ್ಜಿಯಾದರೂ ಹೋಗಿರಲಿ. ಫಾರಂ ತುಂಬಲು ಯಾರು ಬಂದರೂ ನಾನು ಕೂತು ತುಂಬಿಕೊಡುತ್ತೇನೆ.