ಗಾದಿಯಿಂದ ಗಾಜಿನವರೆಗೆ: ಗಡಿ ತಾಲೂಕುಗಳ ಅಂಗಡಿ ಒಳಾಂಗಣ

ಬೆಳಗಾವಿ ಜಿಲ್ಲೆಯ ಗಡಿ ತಾಲೂಕುಗಳಾದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಪೇಟೆಯಲ್ಲಿ ‘ಇಂಟೀರಿಯರ್ ಡಿಸೈನರ್’ ಎಂಬ ಫಲಕ ಈಚಿನದು. ಆದರೆ ಅಂಗಡಿಯನ್ನು ಒಳಗಿನಿಂದ ಹೇಗೆ ಅಣಿಗೊಳಿಸಬೇಕೆಂಬ ವಿಚಾರ ಇಲ್ಲಿ ಬಹಳ ಹಳೆಯದು. ಗಿರಾಕಿ ಎಲ್ಲಿ ಕೂಡಬೇಕು, ಗಲ್ಲಾದ ಮೇಲೆ ಕೂತವರ ಕಣ್ಣು ಎಲ್ಲಿಯವರೆಗೆ ಹೋಗಬೇಕು, ಮಾಲು ಮಳೆಗಾಲ ದಾಟಿ ಹೇಗೆ ಉಳಿಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಂದೊಂದು ಪೀಳಿಗೆಯೂ ತನ್ನ ಕೈಗೆ ಸಿಕ್ಕ ಸಾಮಾನಿನಲ್ಲಿ ಉತ್ತರ ಕೊಟ್ಟಿದೆ. ಆ ಉತ್ತರಗಳನ್ನು ಸಾಲಾಗಿಟ್ಟು ನೋಡಿದರೆ ಈ ಸೀಮೆಯ ವಾಣಿಜ್ಯ ಒಳಾಂಗಣ ಗಳಿಸಿದ್ದೇನು, ಕಳೆದುಕೊಂಡಿದ್ದೇನು ಎಂಬುದು ತಿಳಿಯುತ್ತದೆ.

ಗಾದಿಯ ಕಾಲ

ಹಳೆಯ ಅರಿವೆ ಅಂಗಡಿಗೆ ಮುಂದೆ ಕಟ್ಟೆ, ಒಂದೊಂದಾಗಿ ತೆಗೆದಿಡುವ ಹಲಗೆ ಬಾಗಿಲು. ಒಳಗೆ ನೆಲದ ತುಂಬ ಗಾದಿ, ಅದರ ಮೇಲೆ ಬಿಳಿ ಹಾಸು, ಗೋಡೆಗೆ ಲೋಡು. ‘ಬರ್ರಿ ಅಕ್ಕಾರ, ಕೂಡ್ರಿ’ ಎಂದ ಮೇಲೆ ಚಪ್ಪಲಿ ಕೆಳಗೆ ಬಿಟ್ಟು ಬಂದವರ ಮುಂದೆ ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಳ್ಳುತ್ತಿದ್ದವು. ಮನಸ್ಸಿಗೆ ಬಂದ ಸೀರೆಯನ್ನು ಬಾಗಿಲ ತನಕ ಒಯ್ದು, ಬಿಸಿಲಿಗೆ ಸೆರಗು ಹಿಡಿದು, ಬಣ್ಣ ಖಾತ್ರಿ ಮಾಡಿಕೊಂಡೇ ದರದ ಮಾತು. ಕೌಂಟರು, ಪ್ರದರ್ಶನದ ಮೇಜು, ಬಂದವರಿಗೆ ಕುರ್ಚಿ ಎಲ್ಲವೂ ಆ ಗಾದಿಯೇ. ದೀಪಾವಳಿ ಅಮವಾಸ್ಯೆಗೆ ಅದೇ ಜಾಗದಲ್ಲಿ ಕೀರ್ದಿ, ಗಲ್ಲಾಪೆಟ್ಟಿಗೆ ಇಟ್ಟು ಲಕ್ಷ್ಮೀ ಪೂಜೆ. ಪೇಟೆಯ ಮಂದಿಯೆಲ್ಲ ಬಂದು ಕೂತು ಪ್ರಸಾದ ಒಯ್ಯಲು ಅಲ್ಲಿ ತೆರವಿರುತ್ತಿತ್ತು.

ಬೀಡಿ ತಂಬಾಕಿನ ಊರಾದ ನಿಪ್ಪಾಣಿಯಲ್ಲಿ ಮಾಲೇ ಕಟ್ಟಡಕ್ಕೆ ಅಳತೆ ಕೊಟ್ಟಿತು. ತಂಬಾಕು ಒಣಗಿದರೆ ಪುಡಿಯಾಗುತ್ತದೆ, ತೇವ ಹಿಡಿದರೆ ಬೂಸಲು ಬರುತ್ತದೆ. ಆದ್ದರಿಂದ ವಖಾರಿಗೆ ದಪ್ಪ ಗೋಡೆ, ಎತ್ತರದ ಮಾಡು, ಲೆಕ್ಕದ ಕಿಟಕಿ. ಇಂಥ ಕಟ್ಟಡವನ್ನು ಇಂದು ಶೋರೂಮ್ ಮಾಡಹೊರಟವರು ಮೊದಲು ಆ ಎತ್ತರವನ್ನು ಮುಚ್ಚದಿರುವುದು ಒಳ್ಳೆಯದು. ಬೇಸಿಗೆಯ ಬಿಸಿಗಾಳಿ ಮೇಲೆ ಹೋಗಲು ಇರುವ ಜಾಗ ಅದೊಂದೇ.

ಬಸ್ ನಿಲ್ದಾಣಗಳ ಸುತ್ತ ಬಂದ ಉಡುಪಿ ಹೋಟೆಲುಗಳು ಇನ್ನೊಂದು ಪಾಠ ತಂದವು. ಬಾಗಿಲ ಬಳಿ ಗಲ್ಲಾ, ಅಲ್ಲಿಂದ ಎಲ್ಲ ಮೇಜೂ ಕಾಣಬೇಕು, ಒರೆಸಿದರೆ ಹೋಗುವ ಕಲ್ಲಿನ ಮೇಜು, ಕೈತೊಳೆಯುವುದು ಹಿಂದೆ. ನಕ್ಷೆ ಎಂಬ ಹೆಸರಿಲ್ಲದ ಒಳ್ಳೆಯ ನಕ್ಷೆ ಅದು.

ಬಡಿಗೇರರಿಂದ ಡಿಸೈನರ್‌ವರೆಗೆ

1959ರಲ್ಲಿ ಫೆವಿಕಾಲ್ ಬಂತು. ಸನ್‌ಮೈಕಾ ಎಂಬ ಬ್ರ್ಯಾಂಡಿನ ಹೆಸರು ಹೊಳಪಿನ ಹಾಳೆಗೆಲ್ಲ ಅಂಟಿತು. ಸಾಗವಾನಿಯನ್ನು ಒಂದರೊಳಗೊಂದು ಕಚ್ಚಿಸಿ ಕೂಡಿಸುತ್ತಿದ್ದ ಬಡಿಗೇರರ ಕೆಲಸ ಮೆಲ್ಲಗೆ ಅಂಟು, ಮೊಳೆ, ಹಾಳೆಗೆ ತಿರುಗಿತು. ಗಾದಿ ಎದ್ದು ಕೌಂಟರು ಬಂತು. ಅದರ ಹಿಂದೆ ಜಾರುಗಾಜಿನ ಶೋಕೇಸು, ಕನ್ನಡಿ, ಟ್ಯೂಬ್‌ಲೈಟು. ಮಾಲು ಚೆಂದ ಕಂಡಿತು, ಧೂಳು ತಪ್ಪಿತು. ಆದರೆ ಕೂತು ಮಾಡುತ್ತಿದ್ದ ವ್ಯವಹಾರ ನಿಂತು ಮಾಡುವಂತಾಯಿತು.

ದೇಶದ ಮಟ್ಟದಲ್ಲಿ ಇದೇ ಹೊತ್ತಿಗೆ ವೃತ್ತಿ ರೂಪುಗೊಳ್ಳುತ್ತಿತ್ತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಹುಟ್ಟಿತು; ಒಳಾಂಗಣ ವಿನ್ಯಾಸಕಾರರ ರಾಷ್ಟ್ರೀಯ ಸಂಘ 1972ರಲ್ಲಿ. ಗಡಿ ತಾಲೂಕುಗಳಿಗೆ ಈ ಗಾಳಿ ಬೀಸಿದ್ದು ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳ ಮೂಲಕ: ಅಲ್ಲಿನ ಅಂಗಡಿ ನೋಡಿ ಬಂದ ಮಾಲಕರು ಇಲ್ಲಿಯ ಬಡಿಗೇರರಿಗೆ ‘ಹಂಗ ಮಾಡ್ರಿ’ ಎನ್ನುವುದೇ ಬಹುಕಾಲ ವಿನ್ಯಾಸದ ದಾರಿ.

1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ಅರಣ್ಯದ ಮರ ಕಡಿತಕ್ಕೂ ಪರವಾನಿಗೆಯಿಲ್ಲದ ಸಾಮಿಲ್ಲುಗಳಿಗೂ ಬಿಗಿ ಹಾಕಿತು. ಗಟ್ಟಿ ಕಟ್ಟಿಗೆ ದುಬಾರಿಯಾದಷ್ಟೂ 8×4 ಅಡಿಯ ಪ್ಲೈವುಡ್ ಹಾಳೆಯೇ ಅಂಗಡಿಯ ಅಳತೆಗೋಲಾಯಿತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆಯಿತು. ಎಲ್ಲಿ ಹೋದರೂ ಒಂದೇ ಮುಖದ ಅಂಗಡಿ ಎಂಬ ಪದ್ಧತಿ ರಾಜ್ಯದಲ್ಲಿ ರೂಢಿಯಾಗುತ್ತ, ಮೊಬೈಲು, ಬಂಗಾರ, ಬಟ್ಟೆಯ ಬ್ರ್ಯಾಂಡುಗಳ ಜೊತೆ ತಾಲೂಕು ಪೇಟೆಗೂ ಇಳಿಯಿತು. ಪಕ್ಕದ ಸ್ವಂತ ಅಂಗಡಿಯವರೂ ಪಿಒಪಿ ಸೀಲಿಂಗು, ಗಾಜಿನ ಮುಖ, ಅಲ್ಯೂಮಿನಿಯಂ ಹೊದಿಕೆಯ ಎಸಿಪಿ ಹಾಳೆ ಹಚ್ಚಿಸಿದರು. ಹತ್ತಡಿಯ ಮಳಿಗೆಗೆ ಸುಳ್ಳು ಸೀಲಿಂಗು ಕಟ್ಟಿ, ಕರೆಂಟು ಹೋದಾಗ ಬೆವರುತ್ತ ಕೂಡುವ ಸ್ಥಿತಿ ಬಂದದ್ದು ಹೀಗೆ.

ಸಂಘದ ಕಚೇರಿ

ಕಬ್ಬಿನ ಬಿಲ್ಲು ಬಂದಾಗ ಪೇಟೆ ಚುರುಕಾಗುವ ಸೀಮೆ ಇದು. 1997ರ ಸೌಹಾರ್ದ ಸಹಕಾರಿ ಕಾಯ್ದೆ 2001ರಿಂದ ಜಾರಿಗೆ ಬಂದ ಮೇಲೆ ಪತ್ತಿನ ಸಂಘಗಳು ಬೆಳೆದು, ಒಳಾಂಗಣದ ಕೆಲಸ ಕೊಡುವವರಲ್ಲಿ ಮುಂಚೂಣಿಗೆ ಬಂದವು. ಇಲ್ಲಿ ವಿನ್ಯಾಸದ ಪರೀಕ್ಷೆ ಅಧ್ಯಕ್ಷರ ಕ್ಯಾಬಿನ್ನಿನಲ್ಲಿಲ್ಲ, ಕ್ಯಾಶ್ ಕೌಂಟರಿನಲ್ಲಿದೆ. ಮೂರೂವರೆ ಅಡಿಯ ಕೌಂಟರು ನಿಂತವರಿಗೆ ಸರಿ. ಪಾಸ್‌ಬುಕ್ ಹಿಡಿದು ಹಳ್ಳಿಯಿಂದ ಬಂದ ಹಿರಿಯರಿಗೆ ಎರಡೂವರೆ ಅಡಿಯ, ಎದುರಿಗೆ ಕುರ್ಚಿಯಿರುವ ಒಂದು ಕೌಂಟರಾದರೂ ಬೇಕು. ಠೇವಣಿ ಇಡುವ ಮಾತು ಕೂತೇ ಆಗುವಂಥದ್ದು.

ಹೊಳೆ ಕಲಿಸಿದ ಪಾಠ

ಸಾಮಾನಿನ ಆಯ್ಕೆಯನ್ನು ತಿದ್ದಿದ್ದು ಕೃಷ್ಣಾ, ದೂಧಗಂಗಾ, ವೇದಗಂಗಾ ಹೊಳೆಗಳು. 2005, 2019, 2021ರ ಮಹಾಪೂರಗಳು ದಂಡೆಯ ಊರುಗಳಿಗೆ ನುಗ್ಗಿದವು. ಕಟ್ಟಿಗೆಯ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ನೀರು ಕುಡಿದರೆ ಉಬ್ಬಿ ಪುಡಿಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಐಎಸ್ 303ರ ಎಂಆರ್ ದರ್ಜೆಯ ಸಾಮಾನ್ಯ ಪ್ಲೈ ತೇವವನ್ನಷ್ಟೇ ತಾಳೀತು, ದಿನಗಟ್ಟಲೆ ನಿಂತ ನೀರನ್ನಲ್ಲ. ಆದ್ದರಿಂದ ಇಂಥ ಊರಿಗೆ ಕೆಳಗಿನ ಎರಡು ಖಾನೆ ಕಡಪಾ ಕಲ್ಲಿನದು, ಅದರ ಮೇಲೆ ಐಎಸ್ 710 ಗುರುತಿನ ಮರೀನ್ ಪ್ಲೈ, ಸ್ವಿಚ್‌ಬೋರ್ಡು ಎದೆಮಟ್ಟಕ್ಕೆ, ಬಿಚ್ಚಿ ಅಟ್ಟಕ್ಕೇರಿಸಬಹುದಾದ ರ‍್ಯಾಕು. ಅಜ್ಜನ ಕಾಲದ ಕಿರಾಣಿ ಅಂಗಡಿಯ ಫರ್ಸಿ ಹಲಗೆಗಳು ಹೀಗೆ ಹೊಸ ನಕ್ಷೆಗೆ ಮರಳಬಲ್ಲವು.

ಕೆಲಸದ ರೀತಿ

ಇಂದು ಮಾಲಕರು ಮೊಬೈಲಿನಲ್ಲಿ ಫೋಟೊ ತೋರಿಸುತ್ತಾರೆ, ಡಿಸೈನರು ತ್ರೀಡಿ ಚಿತ್ರ ಕಳಿಸುತ್ತಾರೆ, ಚದರಡಿ ಲೆಕ್ಕದಲ್ಲಿ ಮಾತು ಮುಗಿಯುತ್ತದೆ. ಒಳ್ಳೆಯ ಡಿಸೈನರು ಚಿತ್ರಕ್ಕೂ ಮೊದಲು ಸಂತೆಯ ದಿನ ಅಂಗಡಿಯಲ್ಲಿ ಕೂತು ನೋಡುತ್ತಾರೆ: ಯಾವ ಮಾಲಿಗೆ ಕೈ ಹೆಚ್ಚು ಹೋಗುತ್ತದೆ, ಎಲ್ಲಿ ಗದ್ದಲವಾಗುತ್ತದೆ, ಮಕ್ಕಳನ್ನು ಎಲ್ಲಿ ಕೂಡಿಸುತ್ತಾರೆ. ಆಮೇಲೆ ಅಳತೆ. ಖಾನೆಗಳನ್ನು 8×4ಕ್ಕೆ ಹೊಂದಿಸಿದರೆ ತುಂಡು ಉಳಿಯುವುದಿಲ್ಲ. 18 ಮಿ.ಮೀ. ಪ್ಲೈಯ ಹಲಗೆ ಮೂರಡಿ ದಾಟಿದರೆ ಬೇಳೆಯ ಭಾರಕ್ಕೆ ಬಾಗುತ್ತದೆ.

ಬೆಳಕೂ ಮಾಲಿಗೆ ತಕ್ಕಂತೆ. ಸೀರೆ ಅಂಗಡಿಗೆ ಡಬ್ಬಿಯ ಮೇಲೆ ಬಣ್ಣದ ನಿಜತನ ಹೇಳುವ ಅಂಕ, ಅಂದರೆ ಸಿಆರ್‌ಐ 90ಕ್ಕಿಂತ ಮೇಲಿರುವ ದೀಪ ಬೇಕು. ಆಗ ಸೀರೆಯನ್ನು ಬಾಗಿಲ ತನಕ ಒಯ್ಯುವ ಕೆಲಸ ಕಡಿಮೆಯಾಗುತ್ತದೆ. ಬಂಗಾರಕ್ಕೆ ಹಳದಿ ಛಾಯೆ, ಬೆಳ್ಳಿಗೆ ಬಿಳಿ. ಅಥಣಿಯ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆದರೆ ತೊಗಟೆಯಿಂದ ಹದ ಮಾಡಿದ ಆ ತೊಗಲು ಹ್ಯಾಲೊಜನ್ನಿನ ಬಿಸಿಗೆ ಒಣಗಿ ಸೆಟೆಯುತ್ತದೆ, ಮಳೆಗಾಲದಲ್ಲಿ ಮುಚ್ಚಿದ ಗಾಜಿನೊಳಗೆ ಬೂಸಲು ಹಿಡಿಯುತ್ತದೆ. ತಣ್ಣನೆಯ ಎಲ್‌ಇಡಿ, ತೆರೆದ ಹಲಗೆ, ಕಾಲಿಟ್ಟು ನೋಡಲು ಗಿಡ್ಡ ಮಣೆ ಇದ್ದರೆ ಸಾಕು. ಮುಂಗಟ್ಟಿನ ನಕ್ಷೆ ಮಾಡುವವರು 2024ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ತಿದ್ದುಪಡಿ ಕಾಯ್ದೆಯಂತೆ ಫಲಕದ ಮೇಲರ್ಧದಲ್ಲಿ ಶೇ. 60ರಷ್ಟು ಕನ್ನಡಕ್ಕೆ ಜಾಗವನ್ನು ಮೊದಲೇ ತೆಗೆದಿಡಬೇಕು. ಆಮೇಲೆ ತುರುಕಿದ ಅಕ್ಷರ ಮುಂಗಟ್ಟನ್ನೇ ಕೆಡಿಸುತ್ತದೆ.

ಕಾಗವಾಡ, ನಿಪ್ಪಾಣಿಗಳು ತಾಲೂಕು ಕೇಂದ್ರಗಳಾದ ಮೇಲೆ ಮಳಿಗೆಗಳು ಏಳುತ್ತಲೇ ಇವೆ, ಕೆಲಸಕ್ಕೆ ಬರವಿಲ್ಲ. ಕೊರತೆ ಇರುವುದು ನಕ್ಷೆಗೆ ದುಡ್ಡು ಕೊಡುವ ರೂಢಿಯಲ್ಲಿ. ಚದರಡಿ ದರದಲ್ಲಿ ಹೆಚ್ಚು ಪ್ಲೈ ಹಚ್ಚಿದವರಿಗೇ ಹೆಚ್ಚು ದುಡ್ಡು. ಕಡಿಮೆ ಸಾಮಾನಿನಲ್ಲಿ ಅಂಗಡಿ ನಡೆಯುವಂತೆ ಮಾಡಿದ ಡಿಸೈನರಿಗೆ ನಷ್ಟ. ನಕ್ಷೆಯ ಶುಲ್ಕ ಬೇರೆ, ಬಡಿಗೇರರ ಕೂಲಿ ಬೇರೆ ಎಂದು ಮಾಲಕರು ಒಪ್ಪಿದ ದಿನ ಈ ಐದು ತಾಲೂಕುಗಳಲ್ಲಿ ಒಳಾಂಗಣ ವಿನ್ಯಾಸ ತನ್ನ ಕಾಲ ಮೇಲೆ ನಿಂತೀತು.