ದುಬೈನಲ್ಲಿ ದುಡಿಮೆ, ನವಲಗುಂದದಲ್ಲಿ ಹೊಲ: ಖಾತೆ ಯಾವುದಿರಬೇಕು?

‘ಯಪ್ಪಾ, ನಿನ್ನ ಪಾಲಿನ ಕಡ್ಲಿ ಮಾರಿದ ರೊಕ್ಕ ಯಾವ ಖಾತೇಕ ಹಾಕಸ್ಲಿ?’ ನವಲಗುಂದದಿಂದ ಅವ್ವ ಫೋನಿನಲ್ಲಿ ಕೇಳಿದಾಗಲೇ ನನ್ನ ತಪ್ಪು ಹೊಳೆದದ್ದು. ದುಬೈಗೆ ಬಂದು ಎರಡು ವರ್ಷವಾದರೂ ಹಳೆಯ ಉಳಿತಾಯ ಖಾತೆಯನ್ನೇ ನಡೆಸುತ್ತಿದ್ದೆ. ಫೆಮಾ ನಿಯಮದಂತೆ ಅನಿವಾಸಿಯಾದವರು ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಲೇಬೇಕು.

ಆ್ಯಪ್‌ನಲ್ಲೇ ಮುಗಿಸೋಣ ಅಂದುಕೊಂಡೆ. ವಿಡಿಯೊ ಕೆವೈಸಿ ಹಂತದಲ್ಲಿ ಕರೆ ಕಟ್ಟಾಯಿತು. ಆರ್‌ಬಿಐ 2020ರಲ್ಲಿ ತಂದ ಈ ವ್ಯವಸ್ಥೆಗೆ ಗ್ರಾಹಕ ಭಾರತದೊಳಗೇ ಇರಬೇಕು. ಫೋನಿನ ಲೊಕೇಶನ್ ನೋಡುತ್ತಾರೆ. ಹೀಗಾಗಿ ಪಾಸ್‌ಪೋರ್ಟ್, ವೀಸಾ, ವಿದೇಶಿ ವಿಳಾಸದ ದಾಖಲೆಗಳನ್ನು ರಾಯಭಾರ ಕಚೇರಿ ಅಥವಾ ನೋಟರಿಯಿಂದ ದೃಢೀಕರಿಸಿ ಕಳಿಸಬೇಕು, ಇಲ್ಲವೇ ರಜೆಗೆ ಬಂದಾಗ ಶಾಖೆಗೆ ಹೋಗಬೇಕು.

ಯಾವ ರೊಕ್ಕ ಎಲ್ಲಿಗೆ?

ಎನ್‌ಆರ್‌ಇ: ವಿದೇಶದ ಸಂಬಳಕ್ಕೆ. ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಹಣ ವಾಪಸ್ ಒಯ್ಯಲು ಮಿತಿಯಿಲ್ಲ.

ಎನ್‌ಆರ್‌ಒ: ಬೆಳೆ, ಬಾಡಿಗೆಯಂಥ ಊರಿನ ಹಣಕ್ಕೆ. ಬಡ್ಡಿಯಲ್ಲಿ ಶೇ 30 ಟಿಡಿಎಸ್, ಮೇಲೆ ಸೆಸ್. ಹೊರಗೆ ಒಯ್ಯಲು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ.

ಅವ್ವನ ಹೆಸರನ್ನು ಖಾತೆಗೆ ‘ಫಾರ್ಮರ್ ಆರ್ ಸರ್ವೈವರ್’ ಎಂದು ಸೇರಿಸಬಹುದು. ಆದರೆ ನಾನಿರುವಷ್ಟು ದಿನ ಅಷ್ಟರಿಂದಲೇ ಅವಳಿಗೆ ಹಣ ತೆಗೆಯಲು ಬರುವುದಿಲ್ಲ. ಬೀಜ, ಗೊಬ್ಬರ, ಆಸ್ಪತ್ರೆ ಖರ್ಚಿಗೆ ಅವಳೇ ತೆಗೆಯಬೇಕೆಂದರೆ ಪವರ್ ಆಫ್ ಅಟಾರ್ನಿ ಬೇರೆ ಕೊಡಬೇಕು. ಬಹಳಷ್ಟು ಮಂದಿ ಮರೆಯುವುದು ಇದನ್ನೇ.

ಅಣ್ಣಿಗೇರಿಯಿಂದಲೋ ಕುಂದಗೋಳದಿಂದಲೋ ಪರದೇಶಕ್ಕೆ ಹೊರಟವರು ವಿಮಾನ ಹತ್ತುವ ಮುಂಚೆ ಒಮ್ಮೆ ಶಾಖೆಗೆ ಹೋಗಿ ಬನ್ನಿ. ಅವ್ವ ಕೇಳೋ ಹೊತ್ತಿಗೆ ಉತ್ತರ ತಯಾರಿರಲಿ.