ಕೆಲ್ಲಿ ಬಾರ್ನ್ಸ್ ಡ್ಯಾಂ: 39 ಜೀವ ತೆಗೆದ ಸಣ್ಣ ಮಣ್ಣಿನ ಕಟ್ಟೆ

ಡ್ಯಾಂ ಒಡೀತು ಅಂದ್ರೆ ಎಲ್ಲರಿಗೂ ದೊಡ್ಡ ಜಲಾಶಯವೇ ನೆನಪಾಗುತ್ತೆ. ಆದರೆ ಅಮೆರಿಕದ ಜಾರ್ಜಿಯಾ ರಾಜ್ಯದ ಟೊಕೊವಾ ಫಾಲ್ಸ್‌ನಲ್ಲಿ 1977ರ ನವೆಂಬರ್ 6ರಂದು 39 ಮಂದಿಯನ್ನು ಬಲಿ ಪಡೆದಿದ್ದು ಖಾಸಗಿ ಒಡೆತನದ, ಸುಮಾರು 40 ಅಡಿ ಎತ್ತರದ ಮಣ್ಣಿನ ಕಟ್ಟೆ.

ಯಾರ ಡ್ಯಾಂ?
1899ರ ಹೊತ್ತಿಗೆ ವಿದ್ಯುತ್‌ಗಾಗಿ ಇಲ್ಲಿ ಮರದ ತೊಲೆ, ಕಲ್ಲಿನ ಕಟ್ಟೆ ಕಟ್ಟಲಾಗಿತ್ತು. ಮುಂದೆ ಟೊಕೊವಾ ಫಾಲ್ಸ್ ಬೈಬಲ್ ಸಂಸ್ಥೆ ಅದರ ಮೇಲೆ ಮಣ್ಣು ಹಾಕಿ ಎತ್ತರಿಸಿತು. 1957ರಲ್ಲಿ ವಿದ್ಯುತ್ ಉತ್ಪಾದನೆ ನಿಂತ ಮೇಲೆ ಕೆರೆ ಉಳಿದಿದ್ದು ವಿಹಾರಕ್ಕೆ ಮಾತ್ರ.

ಆ ರಾತ್ರಿ ಏನಾಯ್ತು?
ನವೆಂಬರ್ 2ರಿಂದ 5ರವರೆಗೆ ಸುಮಾರು 7 ಇಂಚು ಮಳೆ ಸುರಿದಿತ್ತು. ರಾತ್ರಿ 1.30ರ ಸುಮಾರಿಗೆ ಏರಿ ಒಡೆಯಿತು. ನೀರು 186 ಅಡಿ ಎತ್ತರದ ಜಲಪಾತದಿಂದ ಧುಮುಕಿ ಕೆಳಗಿದ್ದ ಕಾಲೇಜು ಆವರಣಕ್ಕೆ ನುಗ್ಗಿತು. ಸತ್ತವರಲ್ಲಿ ಮಕ್ಕಳೂ ಇದ್ದರು.

ಒಡೆದಿದ್ದು ಯಾಕೆ?
ತನಿಖಾ ಮಂಡಳಿಗೆ ಇದೊಂದೇ ಕಾರಣ ಅಂತ ಹೇಳಲು ಆಗಲಿಲ್ಲ. ಕೆಳಬದಿಯ ಇಳಿಜಾರು ತೀರಾ ಕಡಿದಾಗಿತ್ತು. ಅದು ನೆನೆದು ಕುಸಿದಿರಬಹುದು, ಒಳಗಿನ ಸೋರಿಕೆ ಮಣ್ಣು ಕೊರೆದಿರಬಹುದು ಎಂದಿತು. ಕಟ್ಟೆಯ ವಿನ್ಯಾಸದ ದಾಖಲೆಯೇ ಸಿಗಲಿಲ್ಲ. 1973ರ ಒಂದು ಫೋಟೊದಲ್ಲಿ ಮಾತ್ರ ಇಳಿಜಾರು ಜಾರಿದ್ದು ಕಾಣುತ್ತಿತ್ತು. ಅಂದರೆ 4 ವರ್ಷ ಮೊದಲೇ ಸೂಚನೆ ಇತ್ತು.

ಆಮೇಲೆ ಏನು ಬದಲಾಯ್ತು?
ಖಾಸಗಿ ಡ್ಯಾಂಗಳನ್ನೂ ಪರಿಶೀಲಿಸಲು 1972ರಲ್ಲೇ ಅಮೆರಿಕದಲ್ಲಿ ಕಾನೂನು ಬಂದಿತ್ತು, ತಪಾಸಣೆಗೆ ದುಡ್ಡು ಬಂದಿರಲಿಲ್ಲ. ದುರಂತದ ನಂತರ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಪಾಸಣೆಗೆ ಆದೇಶಿಸಿದರು. ಕಾರ್ಟರ್ ಹಿಂದೆ ಜಾರ್ಜಿಯಾದ ಗವರ್ನರ್ ಆಗಿದ್ದವರು. ಸೇನೆಯ ಎಂಜಿನಿಯರ್‌ಗಳ ನೇತೃತ್ವದಲ್ಲಿ 1981ರೊಳಗೆ ಸುಮಾರು 8,800 ಡ್ಯಾಂಗಳ ತಪಾಸಣೆ ನಡೆಯಿತು. ಅದರಲ್ಲಿ 2,900ಕ್ಕೂ ಹೆಚ್ಚು ಅಸುರಕ್ಷಿತ ಎಂದು ಗೊತ್ತಾಯ್ತು. ಜಾರ್ಜಿಯಾ 1978ರಲ್ಲಿ ತನ್ನದೇ ಡ್ಯಾಂ ಸುರಕ್ಷತಾ ಕಾನೂನು ತಂದಿತು.

ಮಣ್ಣಿನ ಏರಿಯಲ್ಲಿ ಏನು ನೋಡಬೇಕು?
* ಕೆಳಬದಿಯಲ್ಲಿ ಹೊಸದಾಗಿ ಜೌಗು, ಒಸರು
* ಸೋರುವ ನೀರು ಕೆಂಪಗೆ ಅಥವಾ ಕದಡಿ ಬರುವುದು. ಒಳಗಿನ ಮಣ್ಣು ಕೊಚ್ಚಿ ಹೋಗ್ತಿದೆ ಅಂತ ಅರ್ಥ
* ಏರಿ ಮೇಲೆ ಬಿರುಕು, ತಗ್ಗು, ಜಾರಿದ ಮಣ್ಣು
* ಏರಿಯೊಳಗೆ ಬೇರು ಬಿಟ್ಟ ದೊಡ್ಡ ಮರ, ಪ್ರಾಣಿಗಳ ಬಿಲ
* ಕಸ ಕಟ್ಟಿಕೊಂಡ ಕೋಡಿ

ಕಟ್ಟೆ ಎಷ್ಟು ಎತ್ತರ ಅನ್ನೋದಕ್ಕಿಂತ ಕೆಳಗೆ ಯಾರು ವಾಸವಿದ್ದಾರೆ ಅನ್ನೋದೇ ಮುಖ್ಯ. ಟೊಕೊವಾದಲ್ಲಿ ಕೆಳಗೆ ಹಾಸ್ಟೆಲ್ ಇತ್ತು, ಮನೆಗಳಿದ್ದವು. ಎಲ್ಲರೂ ಮಲಗಿದ್ದ ಹೊತ್ತು ಅದು.